ವಾರ್ಡರಜ್ಜ ಕೇಳಿಸಿದ ದನಿ

ವಾರ್ಡರಜ್ಜನ ಕಿವಿಗಳ ತುಂಬ ಬಿಳಿ ಕೂದಲು. ಯಾರು ಮಾತಾಡಿಸಿದರೂ ಮುಖ ನೋಡುತ್ತಿರಲಿಲ್ಲ, ತಲೆ ವಾರೆ ಮಾಡಿ ಎಡಗಿವಿಯನ್ನು ಮುಂದೆ ತರುತ್ತಿದ್ದರು. ಜೈಲಿನಲ್ಲಿ ಮೂವತ್ತು ವರ್ಷ ಮುಚ್ಚಿದ ಬಾಗಿಲುಗಳ ಹೊರಗೆ ನಿಂತು ನಂಬರ್ ಕೂಗಿ, ಒಳಗಿನ ಉತ್ತರ ಕೇಳಿಸಿಕೊಂಡವರು. ಕೈದಿಗಳ ಮುಖ ನೆನಪಿರುತ್ತಿರಲಿಲ್ಲ, ದನಿ ಮಾತ್ರ ಮರೆಯುತ್ತಿರಲಿಲ್ಲ.

ಪೆನ್ಷನ್ ಆದ ಮೇಲೆ ನಮ್ಮ ಕಡೆಯ ನಗರ ಎಂಬ ಊರಿನಲ್ಲಿ ನೆಲೆಸಿದ್ದರು. ಅಪ್ಪನೋ ಅವ್ವನೋ ಜೈಲಿನಲ್ಲಿರುವ ಮಕ್ಕಳನ್ನು ತಾವಾಗಿಯೇ ಹುಡುಕಿಕೊಂಡು ಹೋಗುವರು. ಹೊಸನಗರದ ನಮ್ಮ ಮನೆಗೆ ಭಾನುವಾರ ಬಂದು ನನಗೆ ಮಗ್ಗಿ ಹೇಳಿಸುವರು. ನನ್ನನ್ನು 'ಕೊಲೆಗಾರನ ಮಗಳು' ಎಂದವರ ಮನೆಗೇ ಹೋಗಿ ಜಗಳವಾಡುವರು. ಜಗಳಕ್ಕೆ ಅವರಿಗೆ ಮುಹೂರ್ತ ಬೇಕಿರಲಿಲ್ಲ.

ನನಗೆ ಎರಡು ವರ್ಷವಾಗಿದ್ದಾಗ ಅಪ್ಪ ಗದ್ದೆಯ ಬದುವಿನ ಜಗಳದಲ್ಲಿ ಒಬ್ಬನನ್ನು ಹೊಡೆದು ಕೊಂದಿದ್ದ. ಬಿಡುಗಡೆಯಾಗಿ ಬಂದಾಗ ನಾನು ಅವನನ್ನು ಅಪ್ಪಾ ಎನ್ನುತ್ತೇನೋ ಇಲ್ಲವೋ ಎಂಬುದೇ ಅವ್ವನ ಚಿಂತೆ.

ಅಜ್ಜ ಒಂದು ದಿನ ಜೈಲಿನಿಂದ ಬಂದ ಅಪ್ಪನ ಕಾಗದದ ಮೇಲಿದ್ದ ಕೈದಿ ನಂಬರ್ ನೋಡಿದರು. "ಓ, ಇವನ ದನಿ ನಂಗೊತ್ತು" ಎಂದು ಕಣ್ಣು ಮುಚ್ಚಿದರು. ಅವರ ಗಂಟಲಿನಿಂದ ಬೇರೆ ಯಾರೋ ಮಾತಾಡಿದರು: "ಮಗಾ, ಊಟ ಮಾಡಿದ್ಯಾ?" ಭಾರವಾದ, ಒಡಕು ದನಿ. ಮಟಮಟ ಮಧ್ಯಾಹ್ನ ನನ್ನ ಮೈ ಜುಮ್ಮೆಂದಿತು. ಆದರೂ ಮುಂದಿನ ಭಾನುವಾರ ನಾನೇ "ಅಪ್ಪನ್ನ ಕರೀರಿ ಅಜ್ಜ" ಎಂದೆ. ಅವ್ವ ಕೂಲಿಗೆ ಹೋದ ಹೊತ್ತಿನಲ್ಲಿ ಮೂರು ವರ್ಷ ಆ ದನಿಯ ಜೊತೆ ಮಾತಾಡಿದೆ, ಅದನ್ನು ಪ್ರೀತಿಸಿದೆ.

ಕೊನೆಗೂ ಒಂದು ಭಾನುವಾರ, ಅಜ್ಜ ಮನೆಯಲ್ಲಿದ್ದಾಗಲೇ, ಅಪ್ಪ ಬಂದ. ಹೊಸ್ತಿಲಲ್ಲಿ ನಿಂತು ಕೀರಲು ದನಿಯಲ್ಲಿ "ಮಗಾ" ಎಂದ.

ನಾನು ಚೀರಿ ಅಜ್ಜನ ಹಿಂದೆ ಅಡಗಿದೆ. "ಇವ ಅಲ್ಲ! ಇವ ಅಲ್ಲ!"

ಅಜ್ಜನ ಮುಖ ಬಿಳಿಚಿತು. "ಆ ನಂಬರ್ ನಿಂಗೆ ಯಾವಾಗ ಕೊಟ್ರೋ?"

"ನಿಮ್ಗೆ ಪೆನ್ಷನ್ ಆದ್ಮೇಲೆ, ಬೇರೆ ಜೈಲಿಂದ ನಿಮ್ಮ ಜೈಲಿಗೆ ಹಾಕ್ದಾಗ. ಮೊದ್ಲು ಆ ನಂಬರಲ್ಲಿದ್ದವನ್ನ ಗಲ್ಲಿಗೆ ಹಾಕಿದ್ರಂತೆ."

ಅಜ್ಜ ಕುಸಿದು ಕೂತರು. "ಸತ್ತವನನ್ನ ಕೂಸಿನ ಬಾಯಲ್ಲಿ ಅಪ್ಪ ಅನ್ನಿಸಿದ್ನಲ್ಲ ಮಾರಾಯ" ಎಂದು ಅತ್ತರು.

ಮರುದಿನದಿಂದ ದಿನಾ ಬಂದರು. ನನ್ನನ್ನು ಕೋಣೆಯೊಳಗೆ ಕೂರಿಸಿ ಬಾಗಿಲು ಮುಚ್ಚಿ, ಹೊರಗೆ ಅಪ್ಪನನ್ನು ಮಾತಾಡಿಸುವರು. ಹದಿನೇಳನೆಯ ದಿನ ನಾನೇ ಬಾಗಿಲು ತೆರೆದು ಅಪ್ಪನ ಪಕ್ಕ ಹೋಗಿ ಕೂತೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜ ಇಲ್ಲದಿದ್ದರೆ ನನಗೆ ಅಪ್ಪ ಸಿಗುತ್ತಿರಲಿಲ್ಲ.

ಅಜ್ಜ ಹೋದರು, ಅಪ್ಪನೂ ಹೋದ. ಹಿರಿಯರ ಹಬ್ಬದಲ್ಲಿ ನಾನು ಮೂರು ಎಲೆ ಹಾಕುತ್ತೇನೆ. ಮೂರನೆಯವನ ಹೆಸರು ಅಜ್ಜನಿಗೂ ಗೊತ್ತಿರಲಿಲ್ಲ. ಬಡಿಸಿ ಕರೆಯುವಾಗ ಅವನನ್ನೂ ಅಪ್ಪಾ ಎಂದೇ ಕರೆಯುತ್ತೇನೆ.