ಅವಳಿಗೆ ಕಲಿಸಿದ ಕೊಂಕಣಿ

ಉಡುಪಿಯ ಆ ಸೀರೆ ಅಂಗಡಿಯ ಮಾಳಿಗೆಯಲ್ಲಿ ನಾವು ಇಬ್ಬರೇ ಇದ್ದೆವು. ನಾನು ಬೆಳ್ಮಣ್ಣಿನಿಂದ ಬರುತ್ತಿದ್ದೆ, ಅವಳು ಕಾಪುವಿನಿಂದ. ಮನೆಯಲ್ಲಿ ನನ್ನದು ಕೊಂಕಣಿ, ಅವಳದ್ದು ಕರಾವಳಿಯ ಮುಸ್ಲಿಮರಾಡುವ ಬ್ಯಾರಿ. ನಮ್ಮಿಬ್ಬರ ನಡುವೆ ತುಳು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಸೀರೆ ಮಡಚುತ್ತಾ ನಾನು ಅವಳಿಗೆ ಕೊಂಕಣಿ ಕಲಿಸಿದೆ. ಹೊತ್ತು ಹೋಗಲಿ ಎಂದು, ಅಷ್ಟೆ. 'ನನಗೆ' ಎನ್ನಲು 'ಮ್ಹಾಕಾ' ಎನ್ನು ಎಂದರೆ 'ಮಾಕಾ' ಎನ್ನುತ್ತಿದ್ದಳು. ನಾನು ಬೈದರೆ ಬಿದ್ದು ಬಿದ್ದು ನಗುತ್ತಿದ್ದಳು.

"ನೀವೂ ಸ್ವಲ್ಪ ಬ್ಯಾರಿ ಕಲಿಯಿರಿ ಮಾರಾಯ್ರೆ" ಎಂದು ಆಗಾಗ ಹೇಳುತ್ತಿದ್ದಳು. ನನಗೆ ಅದು ಎಂತಕ್ಕೆ? ಅವಳ ಕಡೆಯ ಹೆಂಗಸರು ನನ್ನೊಡನೆ ತುಳುವಿನಲ್ಲೇ ಧಾರಾಳ ಚೌಕಾಸಿ ಮಾಡುತ್ತಿದ್ದರು.

ಒಂದು ದಿನ ಧಣಿಗಳು ಮಾಳಿಗೆಗೆ ಬಂದರು. "ಈಗ ಎಲ್ಲರೂ ಮೊಬೈಲಿನಲ್ಲೇ ಸೀರೆ ತರಿಸುವುದು. ಮದುವೆ ಸೀಸನ್ ಮುಗಿದರೆ ಇಲ್ಲಿ ಒಬ್ಬರು ಸಾಕು" ಎಂದರು. ಯಾರು ಎಂದು ಹೇಳಲಿಲ್ಲ. ಹೇಳಿದ್ದರೆ ಅತ್ತಾದರೂ ಸುಮ್ಮನಾಗಬಹುದಿತ್ತು.

ಅಂದಿನಿಂದ ಅವರ ಕುರ್ಚಿ ಕ್ಯಾಶ್ ಕೌಂಟರ್ ಬಿಟ್ಟು ಮೇಲೆ ಬಂತು. ಕಣ್ಣು ಮೊಬೈಲಿನಲ್ಲಿ, ಕಿವಿ ನಮ್ಮ ಮೇಲೆ. ಎಂತದನ್ನು ತೂಗಿ ನೋಡುತ್ತಿದ್ದಾರೆ ಎಂದು ತಿಳಿಯದೆ ನಾನು ಒದ್ದಾಡಿದೆ. ಹಳಬಳು ಎಂದು ನನ್ನನ್ನು ಇಟ್ಟುಕೊಳ್ಳುತ್ತಾರೋ, ಹಳಬಳು ಎಂದೇ ಕಳುಹಿಸುತ್ತಾರೋ? ಮಂಡಿನೋವೆಂದು ಏಣಿಯ ಕೆಲಸವನ್ನೆಲ್ಲ ಅವಳಿಗೆ ದಾಟಿಸುತ್ತಿದ್ದವಳು ಈಗ ನಾನೇ ದಡದಡ ಹತ್ತತೊಡಗಿದೆ. ಚಹಾಕ್ಕೆ ಇಳಿಯುವುದನ್ನು ಬಿಟ್ಟೆ. ಗಂಡ ಗಲ್ಫ್‌ನಲ್ಲಿ ಬೆನ್ನು ಕೆಡಿಸಿಕೊಂಡು ಬಂದು ಮನೆಯಲ್ಲಿದ್ದರು. ಈ ಕೆಲಸ ಹೋದರೆ ಐವತ್ತರ ಹತ್ತಿರ ಬಂದ ನನ್ನನ್ನು ಯಾರು ಕರೆಯುತ್ತಾರೆ? ಕಾಪುವಿನ ಬಸ್ಸು ತಡವಾಗಿ ಅವಳು ಏದುಸಿರು ಬಿಡುತ್ತಾ ಬಂದ ದಿನ ನನಗೆ ಖುಷಿಯಾಗುತ್ತಿತ್ತು. ಆ ಖುಷಿ ಕಂಡು ನನಗೇ ಹೇಸಿಗೆ. ಅವಳಿಗೂ ಮನೆಯಲ್ಲಿ ಇಬ್ಬರು ಮಕ್ಕಳಿದ್ದರು. ಕೊಂಕಣಿ ಪಾಠ ತಾನಾಗಿ ನಿಂತಿತು.

ಹೀಗಿರುವಾಗ ಕಾರ್ಕಳ ಕಡೆಯ ತಾಯಿ ಮಗಳು 'ಸಾಡೊ' ಕೇಳಿಕೊಂಡು ಬಂದರು. ನಮ್ಮ ಕೊಂಕಣಿ ಕ್ರೈಸ್ತರು ಮದುಮಗಳಿಗೆ ಉಡಿಸುವ ಕೆಂಪು ಸೀರೆ ಅದು. ನನ್ನದೇ ಗಿರಾಕಿ! ಆದರೆ ನಾನು ಏಣಿಯ ತುದಿಯಲ್ಲಿದ್ದೆ, ಎರಡೂ ಕೈಯಲ್ಲಿ ಪೆಟ್ಟಿಗೆಗಳು. ನಾನು ಇಳಿಯುವ ಮೊದಲೇ ಅವಳು ಸೀರೆ ಹರಡಿಯಾಗಿತ್ತು. ಬಾಯಲ್ಲಿ ಕೊಂಕಣಿ, ಅದೂ ನನ್ನದೇ ರಾಗ. ಸೆರಗನ್ನು ಹುಡುಗಿಯ ಹೆಗಲಿಗೆ ಹಾಕಿ ಕನ್ನಡಿಯತ್ತ ತಿರುಗಿಸಿ ಹೊಗಳಿದ್ದೂ ನನ್ನದೇ ಮಾತುಗಳಲ್ಲಿ.

ಅವಳ ತಲೆವಸ್ತ್ರ ನೋಡಿ ತಾಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಇಷ್ಟು ಚಂದದ ಕೊಂಕಣಿ ನಿನಗೆ ಯಾರು ಕಲಿಸಿದ್ದು ಎಂದು ಕೇಳಿದರು. ಅವಳು ಹೆಮ್ಮೆಯಿಂದ ಏಣಿಯತ್ತ ಕೈ ತೋರಿಸಿದಳು.

ಧಣಿಗಳು ಮೊಬೈಲ್ ಕೆಳಗಿಟ್ಟು ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದರು. ನಾನು ಪೆಟ್ಟಿಗೆಗಳನ್ನು ಹಿಡಿದುಕೊಂಡೇ ಏಣಿ ಇಳಿದೆ.

ಸೀಸನ್ ಮುಗಿದ ಮೇಲೆ ನನ್ನನ್ನು ಕೆಳಗೆ ಕರೆದರು. ಎಂದೂ ಇಲ್ಲದೆ ಕುಳಿತುಕೊಳ್ಳಿ ಎಂದರು. ಅಲ್ಲಿಗೇ ಗೊತ್ತಾಯಿತು.

"ನಿಮ್ಮ ಕೆಲಸದಲ್ಲಿ ತಪ್ಪು ಉಂಟು ಅಂತ ಅಲ್ಲ. ನಿಮ್ಮ ಭಾಷೆ ಅವಳಿಗೆ ಬರ್ತದೆ. ಅವಳದ್ದು ನಿಮಗೆ ಬರುವುದಿಲ್ಲ, ಅಲ್ವಾ? ಒಬ್ಬರೇ ಸಾಕು ಎಂದಾಗ ನಾನು ಎಂತ ಮಾಡುವುದು ಹೇಳಿ?"

ನನಗೆ ಸಿಟ್ಟು ಉಕ್ಕಿ ಬಂತು, ಯಾರ ಮೇಲೆ ಎಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಚೀಲ ಹಿಡಿದು ಹೊರಡುವಾಗ ಅವಳು ಮೆಟ್ಟಿಲಿಳಿದು ಓಡಿಬಂದು ನನ್ನ ಕೈ ಹಿಡಿದಳು. ಅತ್ತು ಕಣ್ಣು ಕೆಂಪಾಗಿತ್ತು. "ಮಾಕಾ ಮಾಫ್ ಕರಾ" ಎಂದಳು, ನನ್ನನ್ನು ಕ್ಷಮಿಸಿ ಎಂದು, ನನ್ನ ಭಾಷೆಯಲ್ಲಿ.

"ಮಾಕಾ ಅಲ್ಲ ಮಾರಾಯ್ತಿ, ಮ್ಹಾಕಾ" ಎಂದೆ. "ಗಿರಾಕಿಗಳ ಎದುರು ಹಾಗೆ ಹೇಳಬೇಡ."