ಒಂದೇ ಮುದ್ದೆಯ ಸವಾರರು

ಬಾದಾಮಿಯಲ್ಲಿ ಒಂದು ಕೋತಿ ನನ್ನ ಕೈಯಿಂದ ಶೇಂಗಾ ಉಂಡಿ ಕಸಿದುಕೊಂಡಿತ್ತು. ನಾನಾಗ ನಾಲ್ಕನೆಯ ತರಗತಿ. ಶಾಲೆಯಿಂದ ಪ್ರವಾಸಕ್ಕೆ ಕರೆದೊಯ್ದಿದ್ದರು. ಉಂಡಿ ಹೋದದ್ದಕ್ಕಿಂತ ಕೋತಿಯ ಉಗುರು ಅಂಗೈಗೆ ತಾಕಿದ್ದು ಚೆನ್ನಾಗಿ ನೆನಪಿದೆ. ತಣ್ಣಗೆ, ಒರಟಾಗಿ, ಬಲಿತ ಬೆಂಡೆಕಾಯಿಯ ತುದಿಯ ಹಾಗೆ. ಅಂದು ಕೆಂಪು ಬಂಡೆಗಳ ಮೇಲಿನ ಕೋಟೆಗೋಡೆಯನ್ನು ನೋಡುತ್ತ ನಿಂತಾಗಲೇ ನನ್ನ ತಲೆಯಲ್ಲಿ ಒಂದು ರಾಜ್ಯ ಹುಟ್ಟಿತು ಎಂದು ನನ್ನ ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದೆ. ಎರಡೂವರೆ ಪುಟದ ಮುನ್ನುಡಿ. ಓದಿದಾಗಲೆಲ್ಲ ನನಗೇ ಕಣ್ಣು ತುಂಬಿ ಬರುತ್ತಿತ್ತು. ಬೇರೆ ಯಾರಿಗೂ ಬಂದದ್ದು ನೋಡಿಲ್ಲ.

ಪುಸ್ತಕ ಮಕ್ಕಳಿಗಾಗಿ ಬರೆದದ್ದು. ಹುನಗುಂದದ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ಅಕ್ಕ ಮತ್ತು ನಾನು ಆಡುತ್ತಿದ್ದ ರಾಜ್ಯದ ಕಥೆ. ಆಷಾಢದ ಮಂಗಳವಾರಗಳಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ ಕೂರಿಸಿ ಪೂಜಿಸುತ್ತಾರೆ, ಕೊನೆಯ ಮಂಗಳವಾರ ಹಳ್ಳದ ನೀರಿಗೆ ಬಿಡುತ್ತಾರೆ. ನಮ್ಮ ಹಿತ್ತಲಲ್ಲಿ ಗುಳ್ಳವ್ವನೇ ರಾಣಿ. ಅವಳ ಸುತ್ತ ಎರೆಮಣ್ಣಿನ ಕೋಟೆ, ಕೋಟೆಯ ಸುತ್ತ ಕುದುರೆ ಏರಿದ ಕಾವಲುಗಾರರು. ಕುದುರೆಗಳಿಗೆ ಗುಲಗಂಜಿಯ ಕಣ್ಣು. ಆ ಕಣ್ಣಿಗೆ ಬೆನ್ನ ಹಿಂದಿನ ವೈರಿಯೂ ಕಾಣುತ್ತಿದ್ದ. ಬಚ್ಚಲು ನೀರಿನ ಮೇಲೆ ಅವು ಗೊರಸು ನೆನೆಯದಂತೆ ಓಡುತ್ತಿದ್ದವು. ಒಬ್ಬ ಸವಾರನಿಗೆ ಜೀವಮಾನಕ್ಕೆ ಒಂದೇ ಕುದುರೆ. ಕುದುರೆ ಹಸಿದಿದ್ದರೆ ಸವಾರನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಈ ಶೂರರ ನಡುವೆ ಒಬ್ಬನಿಗೆ ಮಾತ್ರ ಕುದುರೆಯಿಲ್ಲ. ತನ್ನ ಕುದುರೆಯನ್ನು ಹುಡುಕುತ್ತ ಕೋಟೆಯ ಸುತ್ತ ನಡೆದೇ ಕಾವಲು ಕಾಯುವವನು. ಅವನೇ ನನ್ನ ಪುಸ್ತಕದ ನಾಯಕ, ನನ್ನ ಹೆಮ್ಮೆ. ಅವನ ಕಥೆಗೆ ಕೊನೆ ಮಾತ್ರ ಹೊಳೆದಿರಲಿಲ್ಲ. ಆದ್ದರಿಂದ ಅವನನ್ನು ಸೂರ್ಯಾಸ್ತದ ಕಡೆಗೆ ನಡೆಸಿ ಪುಸ್ತಕ ಮುಗಿಸಿದ್ದೆ.

ನನ್ನ ಕೆಲಸದ ಬಗ್ಗೆಯೂ ಹೇಳಬೇಕು. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಮೂರು ಸಲ ವಿಷಯ ಬದಲಿಸಿ, ಮೂರನ್ನೂ ಬಿಟ್ಟು ಬಂದವನು. ತರಗತಿಯಲ್ಲಿ ಯಾರು ಏನೇ ಹೇಳಲಿ, ಕಂಡವರು ಯಾರು, ಬರೆದವರು ಯಾರು, ಯಾವಾಗ ಬರೆದರು ಎಂದು ಕೇಳುತ್ತೇನೆ. ಹುಡುಗರು ಕ್ಯಾಂಟೀನಿನಲ್ಲಿ ನನ್ನ ಧ್ವನಿಯಲ್ಲೇ ಚಹಾಕ್ಕೆ ಸಾಕ್ಷಿ ಕೇಳುತ್ತಾರಂತೆ. ಹಾಲು ಒಡೆದಿದೆ ಎಂದು ಹೆಂಡತಿ ಹೇಳಿದರೂ ಪಾತ್ರೆಯಲ್ಲಿ ಇಣುಕಿ ನೋಡುವ ಜಾತಿ ನನ್ನದು. ಕೈ ಹಾಕಿದ ಎಲ್ಲವನ್ನೂ ಬಿಟ್ಟು ಓಡಿದ ನಾನು ಬಿಡದೆ ಉಳಿಸಿಕೊಂಡದ್ದು ಈ ರಾಜ್ಯವೊಂದನ್ನೇ ಎಂದು ನಂಬಿದ್ದೆ. ಅದಕ್ಕೇ ಮುಖಪುಟದಲ್ಲಿ ನನ್ನ ಹೆಸರನ್ನು ತುಸು ದೊಡ್ಡ ಅಕ್ಷರದಲ್ಲಿ ಹಾಕಲು ಪ್ರೆಸ್ಸಿನವರಿಗೆ ಹೇಳಿದ್ದೆ. ಒಂದು ವಾರದಲ್ಲಿ ಕರಡು ತಿದ್ದಿ ಕೊಡಬೇಕಿತ್ತು.

ಅಕ್ಕ ಇಳಕಲ್ಲಿನಲ್ಲಿರುತ್ತಾಳೆ. ಸರಕಾರಿ ಬಸ್ಸಿನ ಕಂಡಕ್ಟರ್. ಬಾಗಲಕೋಟೆ, ಹುನಗುಂದ, ಇಳಕಲ್ಲು ಅವಳ ರೂಟು. ಅವಳ ಮನೆಗೆ ಹೋದರೆ ಅವಳು ಇರುವುದಿಲ್ಲ. ಬಸ್ಸು ಹತ್ತಿದರೆ ಮಾತ್ರ ಸಿಗುತ್ತಾಳೆ. ಕರಡನ್ನು ಚೀಲಕ್ಕೆ ಹಾಕಿಕೊಂಡು, ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ, ಒಂದು ಭಾನುವಾರ ಬೆಳಿಗ್ಗೆ ಅವಳ ಬಸ್ಸು ಹತ್ತಿದೆ.

ಅಮೀನಗಡ ದಾಟಿದ ಮೇಲೆ ಗದ್ದಲ ಕಡಿಮೆಯಾಯಿತು. ಅಕ್ಕ ಬಾಗಿಲ ಬಳಿಯ ತನ್ನ ಸೀಟಿನಲ್ಲಿ ಕುಳಿತು, ಟಿಕೆಟ್ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದಳು. ನಾನು ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದೆ. ಮೂರನೆಯ ಪುಟಕ್ಕೆ ತಲೆ ಎತ್ತಿದಳು.

“ತಮ್ಮಾ, ನೀ ಬಾದಾಮಿಗೆ ಯಾವಾಗ ಹೋಗಿದ್ದಿ?”

“ನಾಲ್ಕನೇತ್ತದಾಗ. ಸಾಲಿಯಿಂದ.”

“ನಾಲ್ಕನೇತ್ತದಾಗ ನಿನಗ ಕಾಮಣಿ ಆಗಿತ್ತು. ಕಣ್ಣೆಲ್ಲ ಅರಿಶಿಣ. ಹದಿನೈದು ದಿನ ಬರೇ ಮಜ್ಜಿಗಿ ಅನ್ನ. ಹೋದಾಕಿ ನಾನು. ಬಂದು ನಿನ್ನ ಹಾಸಿಗಿ ಬಾಜೂಕ ಕುಂತು ಎಲ್ಲಾ ಹೇಳಿದ್ದೆ.”

“ನನಗ ಸ್ಪಷ್ಟ ನೆನಪೈತಿ, ಅಕ್ಕಾ. ಕೋಟಿ, ಕೆರಿ, ಕೋತಿ...”

“ಕಾಮಣಿ ಆದಾವನ್ನ ಬಸ್ಸಿನ್ಯಾಗ ಹತ್ತಿಸಿಕೊಂಡು ಹೋಗ್ತಾರೇನು?”

ಮುಂದಿನ ಸೀಟಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬಳು ಪೂರ್ತಿ ತಿರುಗಿ ಕುಳಿತಳು. “ಇಲ್ಲವಾ ಯವ್ವಾ, ಹೆಂಗ ಹೋಗ್ತಾರ. ಎಣ್ಣಿ ಪದಾರ್ಥ ಸೈತ ಮುಟ್ಟಂಗಿಲ್ಲ,” ಎಂದಳು. ನನ್ನ ಕಣ್ಣು ಈಗಲೂ ಹಳದಿ ಇದೆಯೋ ಎಂಬಂತೆ ನೋಡಿದಳು. ಜೀವಮಾನವಿಡೀ ಸಾಕ್ಷಿ ಕೇಳುತ್ತ ಬಂದವನಿಗೆ ಎರಡು ಸಾಕ್ಷಿಗಳು ಒಟ್ಟಿಗೇ ಸಿಕ್ಕಿದ್ದರು. ಹಾಗಾದರೆ ಕೋತಿ ಅಕ್ಕನ ಉಂಡಿಯನ್ನು ಕಸಿದಿತ್ತು, ನಾನು ಕೇಳಿದ್ದನ್ನೇ ಕಂಡೆನೆಂದುಕೊಂಡಿದ್ದೆ ಎಂದು ಮನಸ್ಸಿನಲ್ಲೇ ತಿದ್ದಿಕೊಂಡೆ.

ಅವಳು ಮೂರನೆಯ ಅಧ್ಯಾಯಕ್ಕೆ ಬಂದಳು. ಅದು ಇಡೀ ಪುಸ್ತಕದ ಗರ್ಭಗುಡಿ. ಸವಾರರನ್ನು ಒಂದು ಕಡೆ, ಕುದುರೆಗಳನ್ನು ಇನ್ನೊಂದು ಕಡೆ ನಿಲ್ಲಿಸಿ, ರಾಣಿಯ ಮುಂದೆ ಪ್ರಮಾಣ ಮಾಡಿಸಿ ಜೋಡಿಸುವ ಸಮಾರಂಭ. ಹನ್ನೊಂದು ಪುಟ.

“ಇದು ತಪ್ಪು,” ಎಂದಳು.

“ಕಥಿಯೊಳಗ ತಪ್ಪೇನ ಬಂತು?”

“ಸವಾರನ್ನ ಬ್ಯಾರೆ, ಕುದುರಿನ ಬ್ಯಾರೆ ಮಾಡಿ ಹಚ್ಚತಿದ್ದಿಲ್ಲ. ಒಂದ ಮುದ್ದಿಯಿಂದ ಎರಡೂ ತಗೀತಿದ್ವಿ. ಬ್ಯಾರೆ ಮಾಡಿ ಹಚ್ಚಿದ್ರ ಒಣಗಿದ ಮ್ಯಾಲೆ ಬೀಳ್ತಾವ. ಅದಕ್ಕ ಅವರಿಗೆ ಜೀವಕ್ಕ ಒಂದ ಕುದುರಿ. ನಾ ಎಷ್ಟು ಹೇಳಿದ್ರೂ ನೀ ಬ್ಯಾರೆ ಬ್ಯಾರೆನ ಮಾಡ್ತಿದ್ದಿ. ಬಿದ್ದ ಮ್ಯಾಲೆ ಅಳ್ತಿದ್ದಿ.” ಪುಟ ಮಡಚಿ ನನ್ನ ಕೈಗಿಟ್ಟಳು. “ಅಳಬ್ಯಾಡ ಅಂತ ನಾನ ಹೇಳಿದ್ದೆ, ಇಂವಾ ಬಿದ್ದಿಲ್ಲ, ಕುದುರಿ ಹುಡುಕಾಕ ಇಳದಾನ ಅಂತ.”

ಹುನಗುಂದ ಬಂತು. ಅವಳು ಎದ್ದು, “ಹುನಗುಂದ ಇಳಿಯೋರು ಬರ್ರಿ, ಲಗೂ ಬರ್ರಿ,” ಎಂದು ಕೂಗಿದಳು. ಅಜ್ಜಿಯ ಹಿಂದೆ ನಾನೂ ಇಳಿದುಬಿಟ್ಟೆ. ಇಳಕಲ್ಲಿನ ತನಕ ಟಿಕೆಟ್ ತೆಗೆಸಿದ್ದೆ ಎಂಬುದು ಬಸ್ಸು ಹೋದ ಮೇಲೆ ನೆನಪಾಯಿತು.

ಪುಸ್ತಕದಲ್ಲಿ ನನ್ನದು ಅಂತ ಉಳಿದದ್ದೇನು ಎಂದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಯೋಚಿಸಿದೆ. ರಾಣಿ ಅವಳದು, ಕೋಟೆ ಅವಳದು, ಕುದುರೆಗಳು ಅವಳವು, ಕುದುರೆಯಿಲ್ಲದವನೂ ಅವಳವನೇ. ನನ್ನ ಪಾಲಿಗೆ ಉಳಿದದ್ದು ಅಳು ಮತ್ತು ಸೂರ್ಯಾಸ್ತ.

ಆದರೆ ಅಷ್ಟು ಬೇಗ ಸೋಲೊಪ್ಪಿದರೆ ನಾನು ಓದಿದ್ದೇಕೆ? ಅಕ್ಕನ ನೆನಪೂ ನೆನಪೇ ತಾನೆ, ಅದೂ ತಪ್ಪಬಹುದು. ಅಲ್ಲೇ ನಮ್ಮ ಹಳೆಯ ಓಣಿಯ ಹಿಂದಿನ ಹೊಲಕ್ಕೆ ಹೋಗಿ, ಒಂದು ಪ್ಲಾಸ್ಟಿಕ್ ಚೀಲದ ತುಂಬ ಎರೆಮಣ್ಣು ತುಂಬಿಕೊಂಡೆ. ಬಾಗಲಕೋಟೆಯ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತದ್ದನ್ನು ನನ್ನ ಇಬ್ಬರು ವಿದ್ಯಾರ್ಥಿಗಳು ಕಂಡರು.

ಸೋಮವಾರ ಬೆಳಿಗ್ಗೆ ಮನೆಯ ಬಾಲ್ಕನಿಯಲ್ಲಿ ಪ್ರಯೋಗ ನಡೆಯಿತು. ಆರು ಸವಾರರನ್ನು ಒಂದೇ ಮುದ್ದೆಯಿಂದ, ಆರನ್ನು ಬೇರೆ ಮಾಡಿ ಹಚ್ಚಿ, ಚೀಟಿ ಅಂಟಿಸಿ ಬಿಸಿಲಿಗಿಟ್ಟೆ. ಹೆಂಡತಿ ಬಟ್ಟೆ ಒಣಹಾಕಲು ಬಂದು ನೋಡಿದಳು.

“ಏನಿವು?”

“ಕುದುರಿ.”

“ಆಡು ಅನ್ಕೊಂಡಿದ್ದೆ. ಇವತ್ತ ಕಾಲೇಜಿಲ್ಲೇನು?”

ಮೂರನೆಯ ದಿನಕ್ಕೆ ಬೇರೆ ಮಾಡಿ ಹಚ್ಚಿದ ಆರರಲ್ಲಿ ಐದು ಸವಾರರು ಕುದುರೆಯ ಪಕ್ಕದಲ್ಲಿ ಬಿದ್ದಿದ್ದರು. ಒಂದೇ ಮುದ್ದೆಯವರು ಸೊಟ್ಟಗಾಗಿದ್ದರೂ ಕುದುರೆಯ ಮೇಲೇ ಇದ್ದರು. ಇದರಿಂದ ಸಾಬೀತಾಗುವುದು ಮಣ್ಣಿನ ಗುಣವೇ ಹೊರತು ರಾಜ್ಯ ಯಾರದೆಂಬುದಲ್ಲ ಎಂದು ನನ್ನೊಳಗಿನ ಮೇಷ್ಟರು ವಾದಿಸಿದರು. ಆದರೆ ಬಿದ್ದ ಸವಾರನನ್ನು ಎತ್ತಿಕೊಂಡಾಗ ಅವನ ಕಾಲುಗಳ ನಡುವಿನ ನುಣುಪಾದ ತಗ್ಗಿಗೆ ನನ್ನ ಹೆಬ್ಬೆರಳು ತಾನಾಗಿಯೇ ಹೋಗಿ ಕೂತಿತು. ಈ ಕೆಲಸವನ್ನು ಆ ಬೆರಳು ಹಿಂದೆ ಬಹಳ ಸಲ ಮಾಡಿತ್ತು, ಪ್ರತಿ ಸಲವೂ ತಪ್ಪಾಗಿ. ಮೇಷ್ಟರು ಸಾಕ್ಷಿ ಒಪ್ಪಿಕೊಂಡರು.

ಮರುದಿನ ಬಿದ್ದವರಲ್ಲಿ ಒಬ್ಬನನ್ನೂ ನಿಂತವರಲ್ಲಿ ಒಬ್ಬನನ್ನೂ ಟಿಫಿನ್ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿಕೊಂಡು ಮತ್ತೆ ಅಕ್ಕನ ಬಸ್ಸು ಹತ್ತಿದೆ. ಅವಳು ಡಬ್ಬಿ ತೆರೆದು ನೋಡಿ, ಬಿದ್ದವನನ್ನು ಅಂಗೈ ಮೇಲಿಟ್ಟುಕೊಂಡಳು.

“ಇನ್ನೂ ಕಲ್ತಿಲ್ಲ ನೀ.”

“ಅಕ್ಕಾ, ಈ ರಾಜ್ಯ ಒಂದು ನಾ ಬಿಟ್ಟು ಹೋಗಿದ್ದಿಲ್ಲ ಅನ್ಕೊಂಡಿದ್ದೆ.”

“ಬಿಟ್ಟು ಹೋಗಿದ್ದಿ. ಓಣ್ಯಾಗಿನ ಹುಡುಗ್ರು ಹೆಂಗಸರ ಆಟ ಆಡ್ತಾನ ಅಂತ ನಕ್ಕರು. ಕಡೀ ಮಂಗಳವಾರ ನೀ ಬರಲೇ ಇಲ್ಲ. ಗೋಲಿ ಆಡಾಕ ಹೋದಿ. ಗುಳ್ಳವ್ವನ್ನ ಹಳ್ಳಕ್ಕ ಒಬ್ಬಾಕೀನ ಒಯ್ದೆ. ಅಷ್ಟೂ ಸವಾರರನ್ನ ಬುಟ್ಟ್ಯಾಗ ಹಾಕ್ಕೊಂಡು.”

ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ನಿಲ್ದಾಣದ ಹೆಸರು ಹೇಳುವ ಹಾಗೆಯೇ ಹೇಳಿದಳು. ನನಗೆ ಅದೇ ಹೆಚ್ಚು ನಾಟಿತು.

“ನಂದೂ ಒಯ್ದ್ಯಾ? ಬಿದ್ದಾವನ್ನ?”

“ಅವನ್ನೂ ಒಯ್ದೆ, ಅವನ ಕುದುರಿನೂ ಒಯ್ದೆ. ನೀರಾಗ ಬಿಟ್ಟೆ. ಸ್ವಲ್ಪ ಹೊತ್ತು ಬ್ಯಾರೆ ಬ್ಯಾರೆ ಇದ್ವು. ಆಮ್ಯಾಲೆ ಕರಗಿ ಎರಡೂ ಒಂದ ಮಣ್ಣಾದ್ವು. ಯಾವುದು ಸವಾರ, ಯಾವುದು ಕುದುರಿ ಗೊತ್ತಾಗಲಿಲ್ಲ.” ಟಿಕೆಟ್ ಯಂತ್ರ ತೆಗೆದುಕೊಂಡು ಎದ್ದಳು. “ಹೇಳೂಣಂದ್ರ ನೀ ಮನಿಗೆ ಕತ್ತಲಾದ ಮ್ಯಾಲೆ ಬಂದಿ. ಬಂದು ಗೋಲಿ ಎಣಿಸ್ಕೋಂತ ಕುಂತಿ.”

ನಾನು ಹುಡುಕುತ್ತಿದ್ದ ಕೊನೆ ಅದೇ ಆಗಿತ್ತು. ಇಷ್ಟು ವರ್ಷ ಅದು ಅವಳ ಬಳಿಯೇ ಉಳಿದಿತ್ತು, ಇಷ್ಟು ದಿನ ನಾನು ಅವಳನ್ನು ಕೇಳಿರಲಿಲ್ಲ. ಹಿಂದಿನ ಸಾಲಿನವರಿಗೆ ಟಿಕೆಟ್ ಕೊಟ್ಟು ಅವಳು ಮರಳಿ ಬರುವಷ್ಟರಲ್ಲಿ ಚೀಲದಿಂದ ಕರಡು ತೆಗೆದು ಸೂರ್ಯಾಸ್ತದ ಪುಟವನ್ನು ಅಡ್ಡ ಹೊಡೆದಿದ್ದೆ. ಹನ್ನೊಂದು ಪುಟದ ಪ್ರಮಾಣ ಸಮಾರಂಭವನ್ನೂ.

“ಅಕ್ಕಾ, ಮುಖಪುಟದಾಗ ನಿನ್ನ ಹೆಸರು ಹಾಕಲ್ಯಾ?”

ಬೇಡ ಎನ್ನುತ್ತಾಳೆ, ನಾನು ಒತ್ತಾಯಿಸಿ ದೊಡ್ಡವನಾಗುತ್ತೇನೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

“ಹಾಕು,” ಎಂದಳು. “ಮೊದಲು ನಂದು ಹಾಕು, ಆಮ್ಯಾಲೆ ನಿಂದು. ನಾ ದೊಡ್ಡಾಕಿ. ಮತ್ತ ಆ ಬಾದಾಮಿ ಮುನ್ನುಡಿ ತಗಿ. ಹೋದಾಕಿ ನಾನು, ನಾನ ಬರೀತೇನಿ.”

ಎರಡು ದಿನಗಳ ಮೇಲೆ ಮುನ್ನುಡಿಯ ಫೋಟೋ ಫೋನಿಗೆ ಬಂತು. ಗೆರೆ ಹೊಡೆದ ಹಾಳೆಯಲ್ಲಿ ಒಂದೂಕಾಲು ಪುಟ. ಬಂಡೆ ಎಷ್ಟು ಕೆಂಪಿತ್ತು, ಮೆಟ್ಟಿಲು ಹತ್ತುವಾಗ ಯಾರ ಚಪ್ಪಲಿ ಹರಿಯಿತು, ಕೋಟೆಯ ಗೋಡೆಯಿಂದ ಕೆಳಗೆ ನೋಡಿದಾಗ ಕೆರೆ ಹೇಗೆ ಕಂಡಿತು, ಮಲಗಿದ್ದ ತಮ್ಮನಿಗೆ ತೋರಿಸಲು ಜೇಬಿನಲ್ಲಿ ಒಂದು ಕೆಂಪು ಹರಳು ತಂದದ್ದು. ನನ್ನ ಎರಡೂವರೆ ಪುಟಕ್ಕಿಂತ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ಒಂದು ಲೋಟ ಚಹಾ ಬೇಕಾಯಿತು. ಆದರೆ ಒಂದು ಕೊರತೆ ಕಂಡಿತು. ತಪ್ಪು ಹಿಡಿಯುವ ಖುಷಿಯಲ್ಲಿ ಕೂಡಲೇ ಫೋನ್ ಮಾಡಿದೆ.

“ಅಕ್ಕಾ, ಕೋತಿ ಬಿಟ್ಟೀದಿ.”

“ಯಾವ ಕೋತಿ?”

“ಶೇಂಗಾ ಉಂಡಿ ಕಸಕೊಂಡಿದ್ದು.”

ಅತ್ತ ಕಡೆ ಅವಳು ಯಾರಿಗೋ ಟಿಕೆಟ್ ಕೊಟ್ಟು ಮತ್ತೆ ಫೋನಿಗೆ ಬಂದಳು.

“ಅದಾ? ಕೋತಿ ಏನೂ ಕಸಕೊಂಡಿಲ್ಲೋ ತಮ್ಮಾ. ಉಂಡಿ ನಾನ ತಿಂದಿದ್ದೆ. ನಿನಗ ಎಣ್ಣಿದು ಕೊಡಂಗಿದ್ದಿಲ್ಲ. ಒಬ್ಬಾಕೀನ ತಿಂದೆ ಅಂದ್ರ ಅಳ್ತಿ ಅಂತ ಕಥಿಯೊಳಗ ಕೋತಿ ತಂದೆ.”

ಪುಸ್ತಕ ಅವಳ ಮುನ್ನುಡಿಯೊಂದಿಗೆ, ಅವಳ ಹೆಸರು ಮೊದಲು, ನನ್ನದು ಕೆಳಗೆ, ಅಚ್ಚಿಗೆ ಹೋಯಿತು. ನಾನು ಕಾಲೇಜಿಗೆ ಹೋಗಿ ಎಂದಿನಂತೆ, ಕಂಡವರು ಯಾರು ಎಂದು ಹುಡುಗರನ್ನು ಕೇಳಿದೆ. ಕೇಳುವಾಗ ನನಗೆ ಗೊತ್ತಿಲ್ಲದೆಯೇ ಬಲ ಅಂಗೈಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದೆ. ಇರದ ಕೋತಿಯ ಉಗುರು ಈಗಲೂ ಅಲ್ಲಿ ತಣ್ಣಗೆ ತಾಕುತ್ತದೆ.