ಕಣದ ಮೇಲಿನ ಮಂಕು ಚುಕ್ಕಿಗಳು

ಶಿವನಿಯ ನಮ್ಮ ಬೀದಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಕತ್ತಲಾದರೆ ಮಕ್ಕಳಿಗೆ ಆಕಾಶವೇ ಆಟದ ಬಯಲು. ರಾಗಿ ಸುಗ್ಗಿಯಲ್ಲಿ ಹುಲ್ಲಿನ ಮೆದೆಗೆ ಒರಗಿ ಕೃತ್ತಿಕೆಯ ಚುಕ್ಕಿಗಳನ್ನು ಎಣಿಸುವುದು ನಮ್ಮ ಪಂದ್ಯ. ಆರೂ ಎಣಿಸಿದವರಿಗೆ ಸುಟ್ಟ ಅವರೆಕಾಯಿ. ನನಗೆ ಒಂಬತ್ತು ವರ್ಷ.

ಅಕ್ಕ ರೈಲಿನಲ್ಲಿ ಅಜ್ಜಂಪುರದ ಹೈಸ್ಕೂಲಿಗೆ ಹೋಗುತ್ತಿದ್ದಳು. ಒಂದು ಸಂಜೆ ಸ್ಟೇಷನ್ನಿನಿಂದ ಓಡಿ ಬಂದವಳು ಚಪ್ಪಲಿ ಬಿಡುವುದನ್ನು ಮರೆತು, ಸಗಣಿ ಸಾರಿಸಿದ ಕಣಕ್ಕೆ ಕಾಲಿಟ್ಟಳು. ನಮ್ಮಲ್ಲಿ ಅದು ದೇವರ ಮನೆಗೆ ಚಪ್ಪಲಿಯಲ್ಲಿ ನುಗ್ಗಿದಂತೆ. ರಾಗಿ ತೂರುತ್ತಿದ್ದ ತಾತ ಮೊರ ಕೆಳಗಿಟ್ಟು ಅವಳ ಕಾಲನ್ನೇ ನೋಡಿದರು. ಅದಾದ ಮೂರನೆಯ ಸಂಜೆ ಅವಳು ರೈಲಿಳಿದು ಬರುವ ಹೊತ್ತಿಗೆ ಗಾಳಿ ಬಿದ್ದಿತ್ತು, ಕತ್ತಲಾಗಿತ್ತು. ತಾತ ತಲೆಯೆತ್ತಿದರು.

“ಚುಕ್ಕಿ ಹೆಂಗೆ ಮಂಕಾಗವೆ ನೋಡ್ರಿ. ಮೆಟ್ಟು ಹಾಕ್ಕೊಂಡು ಕಣ ತುಳಿದ್ರೆ ಇನ್ನೇನಾಯ್ತದೆ? ಇವಳ ಓದು ಸಾಕು. ನಾಳೆಯಿಂದ ರೈಲು ಹತ್ತೋದು ಬ್ಯಾಡ.”

ಅಪ್ಪ ನೆಲ ನೋಡಿದರು. ಪುಸ್ತಕದ ಚೀಲ ಅಕ್ಕನ ಹೆಗಲಲ್ಲೇ ಇತ್ತು.

ನಾನು ಎಣಿಸಿದೆ. ಮೂರು. ತಾತ ಸುಳ್ಳು ಹೇಳಿರಲಿಲ್ಲ. ಚುಕ್ಕಿ ಮಂಕಾಗಲು ಬೆಳದಿಂಗಳೂ ಇರಲಿಲ್ಲ. ಆದರೆ ಆಗಷ್ಟೇ ಎಮ್ಮೆ ಹುಡುಕಿಕೊಂಡು ಕೆರೆ ಏರಿಗೆ ಹೋಗಿದ್ದೆ. ಅಲ್ಲಿ ಆರೂ ಕಂಡಿದ್ದವು.

“ಏರಿ ಮೇಲಿಂದ ಆರೂ ಕಾಣ್ತವೆ ತಾತ. ಇಲ್ಲಿ ನಾವು ತೂರಿದ ದೂಳೇ ಮೇಲೆ ನಿಂತೈತೆ.”

“ಬಾಯ್ಮುಚ್ಚೇ!” ಅಪ್ಪ ಕೆನ್ನೆಗೆ ಬಾರಿಸಿದರು. ನಾನು ನಿಂತಲ್ಲಿಂದ ಕದಲಲಿಲ್ಲ.

“ಇನ್ನೊಂದು ಹೊಡಿಯಪ್ಪ. ಆಮೇಲೂ ಆರೇ.”

ಅಜ್ಜಿ ಕಿಸಕ್ಕೆಂದು ನಕ್ಕು ತಾತನಿಗೆ ಹೇಳಿದರು, “ಹೋಗಿ ನೋಡ್ಕೊಂಡು ಬನ್ರೀ. ಕಾಲೇನು ಸವೆದೋಯ್ತದಾ?”

ತಾತ ಕೋಲು ತೆಗೆದುಕೊಂಡು ನನ್ನ ಹಿಂದೆ ನಡೆದರು. ಏರಿಯ ಮೇಲೆ ಹೊಟ್ಟಿನ ಘಾಟು ಇರಲಿಲ್ಲ, ನೀರಿನ ವಾಸನೆ ಇತ್ತು. ಅವರು ಬಹಳ ಹೊತ್ತು ನೋಡಿದರು.

“ಎಷ್ಟು ತಾತ?”

“ನನ್ನ ಕಣ್ಣಿಗೆ ನಾಕು.”

“ಕಣದಾಗೆ?”

“ಒಂದೂ ಇರ್ಲಿಲ್ಲ ಕಣೇ.”

ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ರೈಲು ಹತ್ತಿದಳು. ರಾಶಿ ಪೂಜೆಯ ದಿನ ತಾತನೇ ಅವಳನ್ನು ಕರೆದರು: “ಬಾರವ್ವ ಕಣಕ್ಕೆ.”

“ದೂಳು ಅಡಗ್ಲಿ ತಾತ, ಬತ್ತೀನಿ,” ಅಂದಳು. ಹೋಗಲಿಲ್ಲ.

ಈಗ ಊರಲ್ಲಿ ಕಣವೇ ಇಲ್ಲ. ಮೆಷಿನ್ನು ಗಂಟೆಯೊಳಗೆ ರಾಗಿ ಒಕ್ಕಿ ಹೋಗುತ್ತದೆ, ಸುತ್ತ ನಿಂತವರ ಕಾಲಲ್ಲಿ ಚಪ್ಪಲಿ. ಆ ಕಟ್ಟಳೆ ಹೋದದ್ದಕ್ಕೆ ನಾನು ಅಳುವವಳಲ್ಲ. ಬೀದಿದೀಪದ ಬೆಳಕಿನಲ್ಲಿ ಚುಕ್ಕಿಗಳು ದಿನವೂ ಮಂಕೇ, ಯಾರ ಮೇಲೂ ಯಾರೂ ತಪ್ಪು ಹೊರಿಸುವುದಿಲ್ಲ. ಆದರೆ ಒಂಬತ್ತು ವರ್ಷದ ಹುಡುಗಿ ಎದುರು ಮಾತಾಡಿದರೆ, ನಿಜವೇನೋ ನೋಡಿಯೇ ಬಿಡೋಣವೆಂದು ಕತ್ತಲಲ್ಲಿ ಏರಿ ಹತ್ತುವ ಮುದುಕರನ್ನೂ ನಾನು ಮತ್ತೆ ಕಾಣಲಿಲ್ಲ.